ಮಡಿಕೇರಿಯ ಸಣ್ಣ ಸಭಾಂಗಣದಲ್ಲಿ ಶನಿವಾರದ ರಾಕ್: ಪರ – ವಿರೋಧ

ಮಡಿಕೇರಿ ಪೇಟೆಯೊಳಗೆ, ನೂರಿಪ್ಪತ್ತು ಕುರ್ಚಿ ಹಾಕಿದರೆ ತುಂಬಿಹೋಗುವ ಹಂಚಿನ ಮಾಡಿನ ಸಭಾಂಗಣವೊಂದಿದೆ. ಸಂಘಗಳ ಮಹಾಸಭೆ, ನಾಮಕರಣ, ಸನ್ಮಾನಗಳಿಗಷ್ಟೇ ಬಾಗಿಲು ತೆರೆಯುತ್ತಿದ್ದ ಆ ಕಟ್ಟಡದಲ್ಲಿ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಮಾರ್ಚ್‌ವರೆಗೆ ಪ್ರತಿ ಶನಿವಾರ ಸಂಜೆ ರಾಕ್ ಬ್ಯಾಂಡ್‌ಗಳು ನುಡಿಸಲಿವೆ ಎಂಬ ಸುದ್ದಿ ಬಂದಾಗಿನಿಂದ ಆ ರಸ್ತೆಯಲ್ಲಿ ಎರಡು ಪಕ್ಷಗಳಾಗಿವೆ. ಮೊದಲ ಲೇಖನ ಗಿಟಾರ್ ಕಲಿಸುವವರದ್ದು. ಎರಡನೆಯದು ಸಭಾಂಗಣದ ಹಿಂದಿನ ಓಣಿಯಲ್ಲಿ ವಾಸವಾಗಿರುವ ನಿವೃತ್ತ ಎಂಜಿನಿಯರರದ್ದು.

ಪರ: ಹತ್ತು ಅಡಿ ದೂರದಿಂದ ಕೇಳುವ ಅವಕಾಶ

ಕೊಡಗಿನಲ್ಲಿ ರಾಕ್ ಕೇಳುವವರು ಯಾರಿದ್ದಾರೆ ಎಂದು ಕೇಳುವವರು ಯಾವುದಾದರೂ ಭಾನುವಾರ ಬೆಳಿಗ್ಗೆ ನನ್ನ ಮನೆಯ ಮಹಡಿಗೆ ಬಂದು ನೋಡಬೇಕು. ಮೂರ್ನಾಡು, ನಾಪೋಕ್ಲು, ಸುಂಟಿಕೊಪ್ಪ, ಸೋಮವಾರಪೇಟೆಗಳಿಂದ ಬಸ್ಸು ಹತ್ತಿ ಬರುವ ಮಕ್ಕಳು ಗಿಟಾರನ್ನು ಮಳೆಕೋಟಿನಲ್ಲಿ ಸುತ್ತಿ ತಂದು, ತಾವು ನೆನೆದಿದ್ದರೂ ಮೊದಲು ಅದನ್ನು ಒರೆಸುತ್ತಾರೆ. ಜೂನ್ ಬಂತೆಂದರೆ ಇಲ್ಲಿನ ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ಮರ ಉಬ್ಬಿ ಶ್ರುತಿ ತಪ್ಪುತ್ತದೆ. ಪೆಟ್ಟಿಗೆಯೊಳಗೆ ತೇವ ಹೀರುವ ಪುಡಿಯ ಪೊಟ್ಟಣವಿಟ್ಟು, ರಾತ್ರಿ ಒಲೆಯಿರುವ ಕೋಣೆಯ ಪಕ್ಕದಲ್ಲಿ ಇಟ್ಟು, ಹೇಗೋ ಅದನ್ನು ಕಾಪಾಡಿಕೊಂಡು ಬರುವ ಈ ಮಕ್ಕಳಲ್ಲಿ ಹೆಚ್ಚಿನವರು ಒಂದು ಬ್ಯಾಂಡ್ ತಮ್ಮೆದುರು ನಿಂತು ನುಡಿಸುವುದನ್ನು ಒಮ್ಮೆಯೂ ಕೇಳಿಲ್ಲ. ಕೇಳಿರುವುದೆಲ್ಲ ಮೊಬೈಲ್ ಫೋನಿನಲ್ಲಿ.

ಕೇಳಬೇಕೆಂದರೆ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್ ಹೋಗಬೇಕು. ಈ ಜಿಲ್ಲೆಗೆ ರೈಲಿಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಮುಗಿಯುವ ಕಾರ್ಯಕ್ರಮವನ್ನು ನೋಡಿ ಬರಲು ಯಾವ ಮನೆಯಲ್ಲಿ ಅನುಮತಿ ಸಿಗುತ್ತದೆ? ಅನುಮತಿ ಸಿಕ್ಕರೂ ಟಿಕೆಟ್ಟಿಗಿಂತ ದಾರಿಖರ್ಚೇ ಹೆಚ್ಚಾಗುತ್ತದೆ. ಹೀಗಾಗಿ ಸಂಗೀತವನ್ನು ಗಂಭೀರವಾಗಿ ಹಚ್ಚಿಕೊಂಡವರು ಪಿಯುಸಿ ಮುಗಿಸಿದ ಕೂಡಲೇ ಊರು ಬಿಡುತ್ತಾರೆ. ಉಳಿದವರು ಮದುವೆ ಮನೆಗಳ ಆರ್ಕೆಸ್ಟ್ರಾ ಸೇರುತ್ತಾರೆ ಅಥವಾ ಗಿಟಾರನ್ನು ಅಟ್ಟಕ್ಕೇರಿಸುತ್ತಾರೆ. ಆರ್ಕೆಸ್ಟ್ರಾವನ್ನು ನಾನು ಹಳಿಯುತ್ತಿಲ್ಲ, ನನ್ನ ಅನ್ನವೂ ಹಲವು ವರ್ಷ ಅಲ್ಲಿಂದಲೇ ಬಂದಿದೆ. ಆದರೆ ಅಲ್ಲಿ ನಾವು ಬರೆದ ಹಾಡಿಗೆ ಜಾಗವಿಲ್ಲ.

ರಾಕ್ ನಮ್ಮದಲ್ಲ ಎಂಬ ಮಾತಿಗೆ ಉತ್ತರವಾಗಿ ಕಾಫಿ ಗಿಡವೂ ಹೊರಗಿನಿಂದ ಬಂದದ್ದಲ್ಲವೇ ಎಂದು ಕೇಳುವುದು ವಾಡಿಕೆ. ಆ ವಾದವನ್ನು ಕೇಳಿ ಕೇಳಿ ನನಗೇ ಬೇಸರವಾಗಿರುವುದರಿಂದ ಅದನ್ನು ಬಿಡುತ್ತೇನೆ. ಬದಲಿಗೆ ನಮ್ಮ ಮದುವೆಗಳನ್ನು ನೆನಪಿಸಿಕೊಳ್ಳಿ. ವಾಲಗದವರು ಬಂದು ಕೊಂಬು ಊದಿ, ಕೊಟ್ಟು ಎಂಬ ಚರ್ಮವಾದ್ಯ ಬಡಿದರೆ ಎಪ್ಪತ್ತರ ಅಜ್ಜಂದಿರೂ ಕುರ್ಚಿ ಬಿಟ್ಟು ಕುಣಿಯಲು ಇಳಿಯುತ್ತಾರೆ. ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ದುಡಿ ಎಂಬ ಪುಟ್ಟ ಚರ್ಮವಾದ್ಯದ ಪೆಟ್ಟಿಗೆ ಸರಿಯಾಗಿ ಸಾಲು ಸಾಲಾಗಿ ಕಥೆ ಹಾಡುತ್ತಾರೆ. ಒಂದೇ ಲಯವನ್ನು ಹಿಡಿದು ಬಿಡದೆ ಸಾಗುವುದು, ಹಾಡುವವನ ಕಂಠಕ್ಕಿಂತ ಅವನು ಹೇಳುವ ಸಂಗತಿಗೆ ಬೆಲೆ ಕೊಡುವುದು, ಕೇಳುಗನ ಕಾಲನ್ನು ಸುಮ್ಮನಿರಲು ಬಿಡದಿರುವುದು: ಡ್ರಮ್ಸ್ ಮತ್ತು ಬೇಸ್ ಗಿಟಾರಿನ ಸಂಗೀತವನ್ನು ಅರ್ಥಮಾಡಿಕೊಳ್ಳಲು ನಮಗೆ ಬೇರೆ ಪಾಠ ಬೇಕಿಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರಿನೊಂದಿಗೆ ಹಾಡಿದಾಗ ಕನ್ನಡದ ಕಿವಿ ಅದನ್ನು ಪರಕೀಯವೆಂದು ದೂರ ತಳ್ಳಲಿಲ್ಲ. ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ, ತೋಟದ ಕಾರ್ಮಿಕರ ಲೈನ್‌ಮನೆಗಳ ತಮಿಳಿನಲ್ಲಿ ಅಂಥ ಹಾಡುಗಳು ಹುಟ್ಟಬಾರದೆಂದು ಯಾರೂ ವಿಧಿಸಿಲ್ಲ. ಹುಟ್ಟಿದ ಹಾಡಿಗೆ ನಿಲ್ಲಲು ನೆಲ ಮಾತ್ರ ಸಿಕ್ಕಿಲ್ಲ.

ಆ ನೆಲ ಸಣ್ಣದಾಗಿಯೇ ಇರಬೇಕು ಎಂಬುದು ನನ್ನ ಹಟ. ಮೈದಾನದ ವೇದಿಕೆಯಲ್ಲಿ ಬೆಳಕು, ಹೊಗೆ, ಆಳೆತ್ತರದ ಸ್ಪೀಕರುಗಳ ಹಿಂದೆ ತಪ್ಪುಗಳೆಲ್ಲ ಅಡಗಿಕೊಳ್ಳುತ್ತವೆ. ನೂರಿಪ್ಪತ್ತು ಜನರ ಕೋಣೆಯಲ್ಲಿ ಡ್ರಮ್ಸ್ ನುಡಿಸುವವನು ಅರ್ಧ ಮಾತ್ರೆ ತಪ್ಪಿದರೂ ಮೊದಲ ಸಾಲಿನವರ ಹುಬ್ಬು ಮೇಲೇರುತ್ತದೆ, ಅದು ಅವನಿಗೆ ಕಾಣಿಸುತ್ತದೆ. ಸದ್ದಿನ ಲೆಕ್ಕವೂ ಸಣ್ಣ ಕೋಣೆಯ ಪರವಾಗಿಯೇ ಇದೆ. ಇಷ್ಟು ಜಾಗಕ್ಕೆ ಡ್ರಮ್ಸ್‌ಗೆ ಮೈಕ್ ಬೇಡ, ಗಿಟಾರಿಗೆ ಹದಿನೈದು-ಇಪ್ಪತ್ತು ವಾಟ್‌ನ ಆಂಪ್ಲಿಫೈಯರ್ ಧಾರಾಳವಾಯಿತು, ದೊಡ್ಡ ಸ್ಪೀಕರ್ ಹಾಡುವವರ ದನಿಗೆ ಮಾತ್ರ ಸಾಕು. ಡ್ರಮ್ಸ್ ಬಾರಿಸುವ ಕೋಲಿನ ಬದಲು ತೆಳುವಾದ ಕಡ್ಡಿಗಳನ್ನು ಕಂತೆ ಕಟ್ಟಿದ ಕೋಲನ್ನು ಬಳಸಿದರೆ ಸದ್ದು ಇನ್ನೂ ಇಳಿಯುತ್ತದೆ. ಹೊರಗಿನಿಂದ ಬರುವ ಬ್ಯಾಂಡ್‌ಗಳಿಗೆ ಈ ಷರತ್ತುಗಳನ್ನು ಮೊದಲೇ ತಿಳಿಸಲಾಗುವುದು, ಒಪ್ಪದವರು ಬರಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಿದ್ದೇವೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದರೂ ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆಗೆ ವಿನಾಯಿತಿ ಕೊಟ್ಟಿವೆ. ಆ ವಿನಾಯಿತಿಯೂ ನಮಗೆ ಬೇಡ: ಸಂಜೆ 6ಕ್ಕೆ ಶುರುವಾಗಿ 8.30ಕ್ಕೆ ಕೊನೆಯ ಹಾಡು, ಮದ್ಯಕ್ಕೆ ಪ್ರವೇಶವಿಲ್ಲ. ಟಿಕೆಟ್ ದರ 250 ರೂಪಾಯಿ. 500 ರೂಪಾಯಿವರೆಗಿನ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ಎಲ್ಲ ಕುರ್ಚಿ ತುಂಬಿದರೆ 30,000 ರೂಪಾಯಿ ಬರುತ್ತದೆ. ಅದರಲ್ಲಿ ಬಾಡಿಗೆ, ಮೈಕ್‌ಸೆಟ್, ಬ್ಯಾಂಡಿನ ವ್ಯಾನು, ಒಂದು ರಾತ್ರಿಯ ವಸತಿ, ಜನರೇಟರಿನ ಡೀಸೆಲ್ ಕಳೆದರೆ ಉಳಿಯುವ ಹಣದಿಂದ ಯಾರೂ ತೋಟ ಕೊಳ್ಳಲಾರರು. ಪ್ರತಿ ಶನಿವಾರ ಮೊದಲ ಅರ್ಧ ಗಂಟೆ ಜಿಲ್ಲೆಯ ಮಕ್ಕಳಿಗೆ ಮೀಸಲು ಎಂಬ ಒಂದು ಷರತ್ತಿಗಾಗಿಯೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ಕೊನೆಗೆ ಒಂದು ಮಾತು, ಸ್ವಲ್ಪ ಕಹಿಯಾಗಿಯೇ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು ಮೆರವಣಿಗೆಯಲ್ಲಿ ಸಾಗುವಾಗ ನಮ್ಮ ಕಿಟಕಿಯ ಗಾಜುಗಳೇ ಅದುರುತ್ತವೆ. ಮಂಟಪಗಳ ಮುಂದೆ ಬೆಳಗಿನವರೆಗೆ ನಿಲ್ಲುವವರಲ್ಲಿ ನಾನೂ ಒಬ್ಬ, ಅದು ನಮ್ಮ ಹೆಮ್ಮೆಯ ಹಬ್ಬ. ಆದರೆ ಆ ರಾತ್ರಿ ಕಿವಿಗೆ ಹತ್ತಿ ಇಟ್ಟುಕೊಂಡು ಸುಮ್ಮನಿದ್ದವರು ನಾಲ್ಕು ಹುಡುಗರ ಎರಡೂವರೆ ಗಂಟೆಯ ಸಂಗೀತಕ್ಕೆ ಅರ್ಜಿ ಹಿಡಿದು ಹೊರಟರೆ, ಅವರ ತಕರಾರು ಇರುವುದು ಸದ್ದಿನ ಮೇಲೆಯೋ ಆ ಹುಡುಗರ ಮೇಲೆಯೋ ಎಂಬ ಸಂಶಯ ನನಗೆ ಬಂದೇ ಬರುತ್ತದೆ.

ವಿರೋಧ: ಈ ಹಂಚಿನ ಮಾಡಿನ ಕೆಳಗೆ ಬೇಡ

ಅರ್ಜಿ ಹಿಡಿದು ಹೊರಟವನು ನಾನೇ ಆದ್ದರಿಂದ ಮೊದಲು ಆ ಸಂಶಯವನ್ನು ತೀರಿಸುತ್ತೇನೆ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ನುಡಿಸಿದಾಗ ಸುರಿದ ಮಳೆಯಲ್ಲಿ ತೊಯ್ದವರಲ್ಲಿ ನಾನೂ ಒಬ್ಬ. ಮರುದಿನ ಜ್ವರ ಬಂದು ಕಚೇರಿಗೆ ರಜೆ ಹಾಕಿದ್ದೆ, ಆ ಬಗ್ಗೆ ಪಶ್ಚಾತ್ತಾಪವೇನೂ ಇಲ್ಲ. ಗಿಟಾರ್ ಮೇಷ್ಟ್ರ ಶಿಷ್ಯರು ಊರು ಬಿಡಬಾರದು, ಅವರ ಹಾಡುಗಳಿಗೆ ವೇದಿಕೆ ಸಿಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ವಿರೋಧವೆಲ್ಲ ಒಂದು ಕಟ್ಟಡಕ್ಕೆ ಸಂಬಂಧಿಸಿದ್ದು, ಮತ್ತು ಆ ಕಟ್ಟಡವನ್ನು ಅವರಿಗಿಂತ ಹೆಚ್ಚು ವರ್ಷಗಳಿಂದ ನಾನು ಬಲ್ಲೆ.

ಅದರ ಗೋಡೆ ದಪ್ಪಗಿದೆ, ನಿಜ. ಆದರೆ ಗೋಡೆ ಮುಗಿದಲ್ಲಿಂದ ಮೇಲಕ್ಕೆ ಮಂಗಳೂರು ಹಂಚು ಮತ್ತು ಅದನ್ನು ಹೊರುವ ಮರದ ಪಕ್ಕಾಸು, ನಡುವೆ ಬಲ್ಬಿನ ಬೆಳಕು ಹೊರಗೆ ಕಾಣುವಷ್ಟು ಸಂದು, ಎರಡೂ ಬದಿಯಲ್ಲಿ ಗಾಜಿಲ್ಲದ ಗಾಳಿಕಿಂಡಿ. ಸದ್ದನ್ನು ತಡೆಯುವುದು ಭಾರ. ತಡೆಯ ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಸಂದು ಬಿಟ್ಟರೆ ಆ ಲೆಕ್ಕವೂ ಕೆಡುತ್ತದೆ. ಮೇಷ್ಟ್ರು ಹೇಳಿದಂತೆ ಮೈಕ್ ಇಲ್ಲದ ಡ್ರಮ್ಸೇ ಆ ಕೋಣೆಯನ್ನು ತುಂಬುತ್ತದೆ, ಏಕೆಂದರೆ ಅದು ಮೈಕಿನ ನೆರವಿಲ್ಲದೆಯೇ 100 ಡೆಸಿಬಲ್ ಮುಟ್ಟಬಲ್ಲ ವಾದ್ಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗಾಗಿ ಹೊರಡಿಸಿದ ಮಾನದಂಡದಲ್ಲಿ 15 ನಿಮಿಷಗಳ ಸರಾಸರಿ ಮೀರಬಾರದೆಂದು ಹೇಳಿರುವುದೂ ಅದೇ 100 ಡೆಸಿಬಲ್ಲನ್ನು. ಅದು ಟಿಕೆಟ್ ಕೊಂಡು ಒಳಗೆ ಕುಳಿತವರ ಕಿವಿಗೆ ಹಾಕಿದ ಮಿತಿ. ಹೊರಗಿರುವವರ ಪಾಲಿಗೆ ಮೇಷ್ಟ್ರು ಅರ್ಧ ಮಾತ್ರ ಓದಿ ಹೇಳಿದ 2000ದ ನಿಯಮಗಳೇ ಇವೆ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್, ಖಾಸಗಿ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬಲ್ ಮಾತ್ರ ಹೆಚ್ಚಿರಬಹುದು. ಹಾಗಾದರೆ ಒಳಗಿನ 100 ಹೊರಗಿನ ಬೇಲಿಗೆ ಬರುವಾಗ 60 ಆಗಬೇಕು. ಹಂಚಿನ ಮಾಡು 40 ಡೆಸಿಬಲ್ ನುಂಗುತ್ತದೆ ಎನ್ನುವವರು ಜುಲೈ ತಿಂಗಳಲ್ಲಿ ಒಂದು ರಾತ್ರಿ ಅದರ ಕೆಳಗೆ ಮಲಗಿ ನೋಡಲಿ.

ಬೇಸ್ ಗಿಟಾರಿನ ವಿಷಯ ಇನ್ನೂ ಕಷ್ಟದ್ದು. ಗಿಟಾರಿನ ಕೀರಲು ಸ್ವರವನ್ನು ದಪ್ಪ ಪರದೆಯೂ ಒಂದಿಷ್ಟು ಹೀರುತ್ತದೆ. ಮಂದ್ರದ ಗುಡುಗನ್ನು ಪರದೆಯಿಂದ, ಮೊಟ್ಟೆಯ ಟ್ರೇಗಳಿಂದ ತಡೆಯುವುದು ಆಗದ ಮಾತು. ಅದು ಕಿವಿಗಿಂತ ಮೊದಲು ಮಂಚಕ್ಕೆ ತಲಪುತ್ತದೆ. ನಮ್ಮ ಊರಿನ ಚಳಿಗಾಲವೂ ಇದಕ್ಕೆ ನೆರವಾಗುತ್ತದೆ: ಡಿಸೆಂಬರ್‌ನ ನಿರ್ಮಲ ಸಂಜೆಗಳಲ್ಲಿ ನೆಲದ ಗಾಳಿ ಬೇಗ ತಣ್ಣಗಾಗಿ, ಮೇಲೆ ಬೆಚ್ಚನೆಯ ಪದರ ನಿಂತಾಗ ಸದ್ದು ಆಕಾಶಕ್ಕೆ ಹೋಗದೆ ಮತ್ತೆ ನೆಲಕ್ಕೇ ಬಾಗುತ್ತದೆ. ಆ ದಿನಗಳಲ್ಲಿ ಕೆಳಗಿನ ಕಣಿವೆಯ ನಾಯಿ ಬೊಗಳಿದ್ದು ಗುಡ್ಡದ ಮೇಲೆ ಸ್ಪಷ್ಟವಾಗಿ ಕೇಳಿಸುವುದು ಇಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿ. ಸಭಾಂಗಣದಿಂದ ನೂರು ಮೀಟರಿನೊಳಗೆ ಒಂದು ನರ್ಸಿಂಗ್ ಹೋಮ್ ಇದೆ. ಆಸ್ಪತ್ರೆಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದೆಂಬ ಮಾತು ಅದೇ ನಿಯಮಗಳಲ್ಲಿದೆ, ಮೇಷ್ಟ್ರ ಲೇಖನದಲ್ಲಿ ಇಲ್ಲ.

ಕಿಂಡಿಗಳನ್ನು ಮುಚ್ಚಿಸುತ್ತೇವೆ ಎಂದು ಸಂಘಟಕರು ನನ್ನ ಎದುರಿಗೇ ಹೇಳಿದರು. ಅದನ್ನು ಕೇಳಿ ನನಗೆ ಸಮಾಧಾನವಾಗುವ ಬದಲು ಭಯವಾಯಿತು. ಆ ಕಟ್ಟಡಕ್ಕೆ ಇರುವುದು ಒಂದೇ ಬಾಗಿಲು, ಅದರಿಂದ ಹೊರಗೆ ಬಂದರೆ ಪಾಚಿ ಕಟ್ಟಿದ ಹನ್ನೊಂದು ಕಲ್ಲಿನ ಮೆಟ್ಟಿಲು. ಮರದ ಪಕ್ಕಾಸಿನ ಕೆಳಗೆ ಹಳೆಯ ವೈರಿಂಗ್. ಅದರ ಮೇಲೆ ಆಂಪ್ಲಿಫೈಯರುಗಳ ಹೊರೆ, ಬಣ್ಣದ ದೀಪಗಳ ಬಿಸಿ, ಸದ್ದು ಹೀರಲೆಂದು ಗೋಡೆಗೆ ಅಂಟಿಸುವ ಸ್ಪಂಜು, ಒಳಗೆ ನೂರಿಪ್ಪತ್ತು ಜನ. ಜೀವನವಿಡೀ ವಿದ್ಯುತ್ತಿನ ಕೆಲಸ ಮಾಡಿದ ನನಗೆ ಸದ್ದಿಗಿಂತ ಈ ಚಿತ್ರವೇ ಹೆಚ್ಚು ನಿದ್ದೆಗೆಡಿಸುತ್ತದೆ. ಕಿಂಡಿ ತೆರೆದಿಟ್ಟರೆ ಅದು ಮುಚ್ಚಿದ ಸಭಾಂಗಣವಲ್ಲ, ಮುಚ್ಚಿದರೆ ಜನ ಸೇರಬಹುದಾದ ಸಭಾಂಗಣವಲ್ಲ. ಎರಡನೆಯ ಬಾಗಿಲು ಒಡೆಸಿ, ವೈರಿಂಗ್ ಬದಲಿಸಿ, ಮಾಡಿನ ಕೆಳಗೆ ಭಾರವಾದ ತಾರಸಿ ಕಟ್ಟಿಸಲು ವಾರಕ್ಕೆ 30,000 ರೂಪಾಯಿಯ ಈ ಲೆಕ್ಕದಿಂದ ಸಾಧ್ಯವಿಲ್ಲವೆಂದು ಮೇಷ್ಟ್ರೇ ಲೆಕ್ಕ ಕೊಟ್ಟಿದ್ದಾರೆ.

ದಸರಾದ ಮಾತಿಗೆ ಉತ್ತರ ಸುಲಭ. ಅದು ವರ್ಷಕ್ಕೊಂದು ರಾತ್ರಿ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ನಿಯಮದಲ್ಲೇ ಅವಕಾಶವಿದೆ. ಬೆಳಗಿನವರೆಗಿನ ಸದ್ದು ಅದನ್ನೂ ಮೀರಿದ್ದೇ, ಒಪ್ಪುತ್ತೇನೆ, ಮತ್ತು ಅದನ್ನು ನಾನು ಹೇಳದೆ ಬಿಟ್ಟಿಲ್ಲ. ಒಂದು ರಾತ್ರಿ ಸಹಿಸಿದವನು ಇಪ್ಪತ್ತು ಶನಿವಾರ ಸಹಿಸಲೇಬೇಕು ಎಂಬ ನ್ಯಾಯ ಮಾತ್ರ ನನಗೆ ತಿಳಿಯುವುದಿಲ್ಲ.

ಶನಿವಾರವನ್ನೇ ಆರಿಸಿದ್ದು ಯಾರಿಗಾಗಿ ಎಂಬ ಪ್ರಶ್ನೆಯೂ ಇದೆ. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳಿಂದ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೋಮ್‌ಸ್ಟೇಗಳಲ್ಲಿ ಇಳಿದವರು ಕೈಯಲ್ಲಿ ಹಣ ಹಿಡಿದು ಸಂಜೆಗೆ ಏನಾದರೂ ಸಿಗುವುದೇ ಎಂದು ಹುಡುಕುತ್ತಿರುತ್ತಾರೆ; ನೂರಿಪ್ಪತ್ತು ಟಿಕೆಟ್‌ಗಳಲ್ಲಿ ಎಷ್ಟು ನಾಪೋಕ್ಲಿನ ಮಕ್ಕಳಿಗೆ ಉಳಿಯುತ್ತವೆ? ಉಳಿದರೂ ಅವರು ಮನೆಗೆ ಹೋಗುವುದು ಹೇಗೆ? ಎಂಟೂವರೆಯ ಮೇಲೆ ಒಳಊರುಗಳಿಗೆ ಬಸ್ಸು ಅಪರೂಪ. ಸಿದ್ದಾಪುರದ ಕಡೆಯ ಹುಡುಗನೊಬ್ಬ ಬೈಕಿನಲ್ಲಿ, ಎರಡೂ ಬದಿ ಕಾಫಿ ತೋಟವಿರುವ ರಸ್ತೆಯಲ್ಲಿ, ಮಂಜಿನ ನಡುವೆ ಹೋಗುವಾಗ ತಿರುವಿನಲ್ಲಿ ಆನೆ ನಿಂತಿದ್ದರೆ ಅದು ಅವನಿಗೆ ಕಾಣುವುದು ಬ್ರೇಕ್ ಹಿಡಿಯಲಾಗದಷ್ಟು ಹತ್ತಿರ ಬಂದ ಮೇಲೆ. ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವಾಗ ಕೊಂಬೆ ಮುರಿಯುವ ಸದ್ದು ಕೇಳಿಸೀತೆಂಬ ಭರವಸೆಯೂ ಇಲ್ಲ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಕುಯ್ಲು ಮುಗಿದು ಕಾಫಿ ಒಣಗಿಸಿಯಾದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ ಎಷ್ಟೋ ತೋಟಗಳ ಸಿಮೆಂಟಿನ ಕಣ ಖಾಲಿ ಬಿದ್ದಿರುತ್ತದೆ. ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಅಲ್ಲಿ ನುಡಿಸಿದರೆ ಸುತ್ತ ಮನೆಗಳಿಲ್ಲ, ಜನ ಚದುರಲು ನಾಲ್ಕೂ ದಿಕ್ಕು ಇದೆ, ಮಕ್ಕಳು ಬೆಳಕಿರುವಾಗಲೇ ಬಸ್ಸು ಹತ್ತುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿ ಬಂದರೆ ಒಂದೆರಡು ಕಾರ್ಯಕ್ರಮ ಕೆಡಬಹುದು. ಇದನ್ನು ಮೇಷ್ಟ್ರಿಗೆ ಹೇಳಿದಾಗ, ಕಣದಲ್ಲಿ ನುಡಿಸಿದರೆ ಸ್ವರ ಗಾಳಿಗೆ ಹೋಗುತ್ತದೆ, ಕೋಣೆಯ ಬಿಗಿ ಬರುವುದಿಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿದೆ; ಆದರೆ ಆ ಬಿಗಿಯ ಬೆಲೆಯನ್ನು ತೆರಬೇಕಾದವರು ಓಣಿಯವರು.

ಇಷ್ಟರ ಮೇಲೂ ಮೊದಲ ಶನಿವಾರದ ಕಾರ್ಯಕ್ರಮ ನಿಲ್ಲುವ ಹಾಗೆ ಕಾಣುವುದಿಲ್ಲ. ಆ ಸಂಜೆ ನಾನು ಡೆಸಿಬಲ್ ಮೀಟರ್ ಹಿಡಿದು ನರ್ಸಿಂಗ್ ಹೋಮಿನ ಗೇಟಿನ ಬಳಿ ನಿಂತಿರುತ್ತೇನೆ. ಮೇಷ್ಟ್ರು ಬಂದು ಜೊತೆಗೆ ನಿಂತರೆ ಇಬ್ಬರೂ ಒಂದೇ ಅಂಕಿಯನ್ನು ಓದಬಹುದು. ಶಿಷ್ಯರು ನುಡಿಸುವುದು ತಪ್ಪಿಹೋದೀತೆಂಬ ಚಿಂತೆ ಅವರಿಗೆ ಬೇಡ, ಅಲ್ಲಿಗೂ ಚೆನ್ನಾಗಿಯೇ ಕೇಳಿಸುತ್ತದೆ.