ಪರೀಕ್ಷೆಗಿಂತ ಮೊದಲು ಮಾಳಿಗೆ ಮನೆ

ಹಸಿರು ಕಟ್ಟಡ ಕ್ಷೇತ್ರಕ್ಕೆ ಬರುವ ಎಂಜಿನಿಯರುಗಳು ಮೊದಲು ಐಜಿಬಿಸಿ (ಭಾರತೀಯ ಹಸಿರು ಕಟ್ಟಡ ಮಂಡಳಿ) ಪರೀಕ್ಷೆ ಪಾಸು ಮಾಡಬೇಕೆಂದು ಈ ವೃತ್ತಿಯ ಕುರಿತ ಲೇಖನವೊಂದರಲ್ಲಿ ಓದಿದೆ. ಪರೀಕ್ಷೆ ಬೇಡವೆನ್ನುವುದಿಲ್ಲ, ಆದರೆ ಅದು ಮೊದಲ ಮೆಟ್ಟಿಲಲ್ಲ. ನಾನು ದಾವಣಗೆರೆಯಲ್ಲಿ ಸಿವಿಲ್ ಕೆಲಸ ಕಲಿತವನು. ಚಳ್ಳಕೆರೆ ಕಡೆಯ ನಮ್ಮ ಅಜ್ಜಿಯ ಮಾಳಿಗೆ ಮನೆಯಲ್ಲಿ, ಅಂದರೆ ಮಣ್ಣು ಮುಚ್ಚಿದ ಸಮತಟ್ಟು ಚಾವಣಿಯ ಹಳೆಯ ಮನೆಯಲ್ಲಿ, ಏಪ್ರಿಲ್ ಮಧ್ಯಾಹ್ನ ಗೋಡೆಗೆ ಅಂಗೈ ಇಟ್ಟರೆ ತಣ್ಣಗಿರುತ್ತಿತ್ತು. ನಾವು ಕಟ್ಟಿದ ಆರ್‌ಸಿಸಿ ತಾರಸಿ ರಾತ್ರಿ ಹತ್ತಕ್ಕೂ ಕಾವು ಬಿಡುತ್ತಿತ್ತು. ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ತೋರಿಸಲು ಕಲಿತ ದಿನವೇ ನನ್ನ ವೃತ್ತಿ ಶುರುವಾಯಿತು. ಕಟ್ಟಡದ ಶಾಖ, ಇಂಧನ ಬಳಕೆಯ ಇಂಥ ಲೆಕ್ಕ ಹಾಕುವ ಎನರ್ಜಿಪ್ಲಸ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯನ್ನು ತಪ್ಪದೆ ಓದಿ: ವಸತಿ ಕಟ್ಟಡದ ಗೋಡೆ, ಚಾವಣಿ, ಕಿಟಕಿಗಳಿಂದ ಎಷ್ಟು ಶಾಖ ಒಳಬರಬಹುದೆಂಬ ಮಿತಿ ಅದರಲ್ಲಿದೆ. ಮಳೆನೀರಿನ ಪಾಠಕ್ಕಂತೂ ಚಿತ್ರದುರ್ಗದ ಕೋಟೆಯೇ ಇದೆ. ಮೇಲಿನ ಹೊಂಡ ತುಂಬಿದ ಮೇಲೆ ನೀರು ಕೆಳಗಿನ ಹೊಂಡಕ್ಕೆ ಇಳಿಯುವ ದಾರಿಯನ್ನು ಹತ್ತಿ ನೋಡಿ ಬನ್ನಿ.