ಊರಲ್ಲೇ ಬಿಚ್ಚಲು ಬರುವ ಪೆಟ್ಟಿಗೆ

ಈ ಸಲ ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಹೋದಾಗ ಮೂರು ಮನೆಗಳಲ್ಲಿ ಒಂದೇ ಪ್ರಶ್ನೆ ಎದುರಾಯಿತು. ಹುಡುಗರಿಗೆ ಗೇಮ್ ಆಡಲು ಟಿವಿಗೆ ಹಚ್ಚುವ ರೆಡಿಮೇಡ್ ಕನ್ಸೋಲ್ ಕೊಡಿಸಬೇಕೋ, ಪಿಸಿ ಅಸೆಂಬಲ್ ಮಾಡಿಸಬೇಕೋ? ಹೈದರಾಬಾದಿನಲ್ಲಿ 12 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ ಅಂತ ಇಂಥದ್ದನ್ನೆಲ್ಲ ನನ್ನನ್ನೇ ಕೇಳುತ್ತಾರೆ. ಹೈದರಾಬಾದಿನ ಗೆಳೆಯರು ಕೇಳಿದರೆ ನಾನು ಕನ್ಸೋಲ್ ಎನ್ನುತ್ತೇನೆ, ಕಲಬುರಗಿಯವರು ಕೇಳಿದರೆ ಪಿಸಿ ಎನ್ನುತ್ತೇನೆ. ಇದೆಂಥ ಎರಡು ಮಾತು ಅಂತ ಭಾವ ತಕರಾರು ತೆಗೆದರು. ಅವತ್ತು ಊಟದ ಗಡಿಬಿಡಿಯಲ್ಲಿ ಪೂರ್ತಿ ಹೇಳಲಾಗಲಿಲ್ಲ.

ಕನ್ಸೋಲನ್ನು ನಾನು ಹಗುರವಾಗಿ ಕಾಣುವವನಲ್ಲ. ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲ್ (ಪಿಎಸ್5) ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, ಡಿಸ್ಕ್ ಹಾಕುವ ಮಾದರಿಗೆ ಆಗ 49,990 ರೂಪಾಯಿ. ಮರುವರ್ಷದ ಕೊನೆಗೆ 54,990 ಆಯಿತು. ಎಂಟು ಕೋರಿನ ಎಎಂಡಿ ಪ್ರೊಸೆಸರ್, 16 ಜಿಬಿ ಮೆಮೊರಿ, 4ಕೆ ಟಿವಿಗೆ ಒಪ್ಪುವ ಗ್ರಾಫಿಕ್ಸ್, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಅದೇ ದುಡ್ಡಿಗೆ ಅಷ್ಟು ಚಂದದ ಚಿತ್ರ ತೋರಿಸುವ ಪಿಸಿ ಜೋಡಿಸಲು ನನ್ನಿಂದ ಆಗುವುದಿಲ್ಲ. ಸಂಜೆ ಆಫೀಸಿನಿಂದ ದಣಿದು ಬಂದವನು ಕಂಟ್ರೋಲರ್ ಒತ್ತಿದರೆ ನಿನ್ನೆ ನಿಲ್ಲಿಸಿದ ಜಾಗದಿಂದಲೇ ಆಟ ಶುರು. ಡ್ರೈವರ್ ಸಾಫ್ಟ್‌ವೇರ್ ಹುಡುಕುವ ಕೆಲಸವಿಲ್ಲ, ಸೆಟ್ಟಿಂಗ್ ತಿರುವುವ ಕೆಲಸವಿಲ್ಲ. ನನ್ನ ಫ್ಲ್ಯಾಟಿನಲ್ಲಿ ಎಸಿ ಇದೆ, ಕರೆಂಟ್ ಹೋದರೆ ಜನರೇಟರ್ ಇದೆ. ಅಲ್ಲಿಗೆ ಅದು ಹೇಳಿ ಮಾಡಿಸಿದ ವಸ್ತು.

ಅಂಥ ಒಂದು ಕನ್ಸೋಲನ್ನೇ ಮೂರು ವರ್ಷದ ಹಿಂದೆ ಅಕ್ಕನ ಮಗನಿಗೆ ಅಂತ ಕಲಬುರಗಿಗೆ ಒಯ್ದು ಇಟ್ಟು ಬಂದೆ. ಮೇ ತಿಂಗಳ ಒಂದು ಸಂಜೆ, ಓಣಿಯಲ್ಲಿ ಎಲ್ಲರ ಮನೆಯ ಕೂಲರ್‌ಗಳೂ ಓಡುತ್ತಿದ್ದ ಹೊತ್ತಿನಲ್ಲಿ, ವೋಲ್ಟೇಜ್ ಇಳಿದು ಕರೆಂಟ್ ಹೋಯಿತು. ಮತ್ತೆ ಬಂದದ್ದು ಜೋರಾಗಿ ಬಂತು. ಕನ್ಸೋಲ್ ಆಮೇಲೆ ಚಾಲೂ ಆಗಲಿಲ್ಲ. ಯುಪಿಎಸ್ ಹಚ್ಚದೇ ಕೊಟ್ಟದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ. ಭಾವ ಅದನ್ನು ಸೂಪರ್ ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಗೆ ಒಯ್ದರು. ಆತ ಬಿಚ್ಚಿ ನೋಡಿ, "ಸಾಹೇಬ್ರ, ಪವರ್ ಸಪ್ಲೈ ಬೋರ್ಡ್ ಹೋಗ್ಯಾದ್ರಿ. ಖರೆ ಈ ಪಾರ್ಟ್ ನಮ್ಮಲ್ಲಿ ಸಿಗಂಗಿಲ್ಲ" ಅಂದ. ಏನು ಕೆಟ್ಟಿದೆ ಅಂತ ಅವನಿಗೆ ಐದು ನಿಮಿಷದಲ್ಲಿ ಗೊತ್ತಾಗಿತ್ತು. ಆದರೂ ಪೆಟ್ಟಿಗೆ ನನ್ನ ಜೊತೆ ಬಸ್ಸಿನಲ್ಲಿ ಹೈದರಾಬಾದಿಗೆ ಬಂತು, ಅಲ್ಲಿಂದ ಇನ್ನೊಂದು ಊರಿಗೆ ಹೋಯಿತು, ಮನೆಗೆ ಮರಳುವಷ್ಟರಲ್ಲಿ ಹುಡುಗನ ಬೇಸಿಗೆ ರಜೆ ಮುಗಿದಿತ್ತು.

ಕೆಲಸ ಬಲ್ಲವನು ಊರಲ್ಲೇ ಇದ್ದೂ ಅವನ ಕೈ ಕಟ್ಟಿದಂತಾಯಿತಲ್ಲ, ಅದು ನನಗೆ ಸಂಕಟ ಮಾಡಿತು. ಮೋಟಾರ್ ರಿವೈಂಡಿಂಗ್ ಆಗಲಿ, ಮಿಕ್ಸರ್ ಆಗಲಿ, ಹೊಲಿಗೆ ಯಂತ್ರವಾಗಲಿ, ಬಿಚ್ಚಿ ಸರಿಮಾಡಿ ಇನ್ನೂ ಹತ್ತು ವರ್ಷ ಓಡಿಸುವ ಊರು ನಮ್ಮದು. ಇವತ್ತಿನ ಕನ್ಸೋಲ್ ಅಂಥ ಕೈಗಳಿಗೆ ಒಗ್ಗುವಂತೆ ಮಾಡಿದ್ದಲ್ಲ. ಪಿಎಸ್5 ಒಳಗೆ ಪ್ರೊಸೆಸರಿನ ಬಿಸಿ ಎಳೆಯಲು ಲಿಕ್ವಿಡ್ ಮೆಟಲ್, ಅಂದರೆ ದ್ರವರೂಪದ ಲೋಹ ಇದೆ. ಹೀಟ್‌ಸಿಂಕ್ ಎತ್ತಿದಾಗ ಅದು ಆಚೀಚೆ ಹರಿದರೆ ಬೋರ್ಡೇ ಶಾರ್ಟ್ ಆಗಬಹುದು. ಮೆಮೊರಿ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬಳಕೆದಾರ ತಾನೇ ಒಳಗೆ ಸೇರಿಸಬಹುದಾದದ್ದು ಆಟಗಳನ್ನು ಉಳಿಸಿಡುವ ಒಂದು ಎಂ.2 ಎಸ್‌ಎಸ್‌ಡಿ, ಅಷ್ಟೇ. ಮತ್ತೆ ಅದರ ಕೈಪಿಡಿ ಹೇಳುವ ಬಳಕೆಯ ತಾಪಮಾನ 5ರಿಂದ 35 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ 42, 43 ಸಾಮಾನ್ಯ. ಪಿಸಿಗೂ ಸೆಖೆ ಆಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಪಿಸಿಗೆ ಇನ್ನೊಂದು ಫ್ಯಾನ್ ಹಾಕಬಹುದು, ದೊಡ್ಡ ಕ್ಯಾಬಿನೆಟ್ ಕೊಳ್ಳಬಹುದು, ಧೂಳಿನ ಜಾಳಿಗೆ ತೆಗೆದು ತೊಳೆಯಬಹುದು.

ಮರುವರ್ಷ ದಸರೆಯ ರಜೆಗೆ ಅಳಿಯನನ್ನು ಹೈದರಾಬಾದಿಗೆ ಕರೆಸಿಕೊಂಡೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಎರಡು ದಿನ ಸುತ್ತಿ ಒಂದೊಂದೇ ಸಾಮಾನು ಕೊಂಡೆವು: ರೈಜನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, ಪವರ್ ಸಪ್ಲೈ ಅಂತ 550 ವಾಟ್‌ನ ಎಸ್‌ಎಂಪಿಎಸ್. ಊರಿನ ಬಿಸಿಲು ನೆನೆದು ಪ್ರೊಸೆಸರ್ ಜೊತೆ ಬಂದ, ಅದನ್ನು ತಣ್ಣಗಿಡುವ ಸಿಪಿಯು ಕೂಲರ್ ಬಿಟ್ಟು ಅದಕ್ಕಿಂತ ದೊಡ್ಡದನ್ನು ತಗೊಂಡೆವು. ಮಾನಿಟರ್ ಬಿಟ್ಟು 58 ಸಾವಿರ ಚಿಲ್ಲರೆ ಆಯಿತು. ಜೋಡಿಸಿದ್ದು ಮಾತ್ರ ಕಲಬುರಗಿಯಲ್ಲಿ, ಅಕ್ಕನ ಮನೆಯ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ.

"ತಮ್ಮಾ, ಇಷ್ಟ್ ರೊಕ್ಕದ ಸಾಮಾನ ನೆಲದ ಮ್ಯಾಲ ಹರವಿರಿ, ಖರೇನ ಒಂದ್ ಮಷೀನ್ ಆಗ್ತದೇನೋ ಇದು?" ಅಂತ ಅಕ್ಕ ಎರಡು ಸಲ ಬಂದು ನೋಡಿ ಹೋದಳು. ನಾನು ಏನನ್ನೂ ಮುಟ್ಟಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆ. ಹುಡುಗ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಇಳಿಸಿಕೊಂಡ, ಪ್ರೊಸೆಸರನ್ನು ಎರಡು ಬೆರಳಲ್ಲಿ ಅಂಚಿಗೆ ಹಿಡಿದ. ಅಡಿಯಲ್ಲಿ 1331 ಪಿನ್, ಒಂದು ಬಾಗಿದರೂ ಕೆಲಸ ಕೆಟ್ಟಿತು. ಮೂಲೆಯ ಬಂಗಾರದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟಾಗ ಅದು ತನ್ನ ಭಾರಕ್ಕೇ ಕೂತಿತು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಎಷ್ಟು ಹಾಕಲಿ ಅಂದ. ಎರಡು ತೊಗರಿ ಬೇಳೆಯಷ್ಟು ಅಂದೆ. ನಮ್ಮ ಜಿಲ್ಲೆಯ ಹುಡುಗನಿಗೆ ಅದಕ್ಕಿಂತ ಸರಿಯಾದ ಅಳತೆ ಬೇಕಿರಲಿಲ್ಲ.

ಎಲ್ಲ ಮುಗಿಸಿ ಬಟನ್ ಒತ್ತಿದ. "ಮಾಮಾ, ಫ್ಯಾನ್ ತಿರಗಲಾಕತ್ತಾವ, ಸ್ಕ್ರೀನ್ ಮ್ಯಾಲ ಏನೂ ಬರವಲ್ದು." ಮುಖ ಸಣ್ಣದಾಗಿತ್ತು. ಮದರ್‌ಬೋರ್ಡಿನ ಅಂಚಲ್ಲಿ ಎಲ್ಲಾದರೂ ದೀಪ ಹತ್ತಿದೆಯಾ ನೋಡು ಅಂದೆ. ಕಾಳಿನಷ್ಟು ಸಣ್ಣ ದೀಪ, ಪಕ್ಕದಲ್ಲಿ ಡಿರ್‍ಯಾಮ್ ಅಂತ ಅಚ್ಚಾಗಿತ್ತು, ಅಂದರೆ ಮೆಮೊರಿಯ ತಕರಾರು. ಸ್ವಿಚ್ ಆರಿಸಿ, ರ್‍ಯಾಮ್ ಕಡ್ಡಿ ಕಿತ್ತು ಮತ್ತೆ ಕೂಡಿಸಿ, ಹೆಬ್ಬೆರಳಿಂದ ಒತ್ತಿದ. ಮೊದಲ ಸಲ ಕೇಳದಿದ್ದ "ಟಕ್" ಈಗ ಕೇಳಿಸಿತು. ಸ್ಕ್ರೀನ್ ಬೆಳಗಿದಾಗ ಅವನು ಕೂಗಿದ ಕೂಗಿಗೆ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಆ ಪಿಸಿಯೂ ಒಮ್ಮೆ ಕೆಟ್ಟಿತು. ಯುಪಿಎಸ್ ಬ್ಯಾಟರಿ ಮುಗಿದದ್ದನ್ನು ಯಾರೂ ಗಮನಿಸಿರಲಿಲ್ಲ, ಕರೆಂಟ್ ಹಳೆಯ ಆಟವನ್ನೇ ಆಡಿತು. ಹುಡುಗ ವಿಡಿಯೋ ಕಾಲ್ ಮಾಡಿದ. ಎಸ್‌ಎಂಪಿಎಸ್‌ನ 24 ಪಿನ್ನಿನ ಕನೆಕ್ಟರನ್ನು ಬೋರ್ಡಿಂದ ಕೀಳಿಸಿ, ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಒಂದು ಪೇಪರ್ ಕ್ಲಿಪ್ ಸೇರಿಸು ಅಂದೆ. ಎಸ್‌ಎಂಪಿಎಸ್ ಬದುಕಿದ್ದರೆ ಅದರ ಫ್ಯಾನ್ ತಿರುಗಬೇಕು, ತಿರುಗಲಿಲ್ಲ. ಅದೇ ಸಂಜೆ ಸೂಪರ್ ಮಾರ್ಕೆಟ್‌ಗೆ ಹೋಗಿ ಹೊಸದು ತಂದ, ರಾತ್ರಿ ಊಟದ ಹೊತ್ತಿಗೆ ಪಿಸಿ ಚಾಲೂ. ಕೆಟ್ಟದ್ದು ಎರಡು ಸಲವೂ ಪವರ್ ಸಪ್ಲೈಯೇ. ಮೊದಲ ಸಲ ಒಂದು ರಜೆ ಹೋಯಿತು, ಎರಡನೇ ಸಲ ಒಂದು ಸಂಜೆ.

ದೂರ ಇರುವವನಿಗೆ ಇದು ಇನ್ನೂ ದೊಡ್ಡದು. ಕನ್ಸೋಲ್ ಕೆಟ್ಟಾಗ ನಾನು ಫೋನಿನಲ್ಲಿ ಹೇಳಲು ಸಾಧ್ಯವಿದ್ದದ್ದು "ವೈರ್ ಕಿತ್ತು ಮತ್ತೆ ಹಚ್ಚಿ ನೋಡು" ಎಂಬ ಒಂದೇ ಮಾತು. ಪಿಸಿಯ ವಿಷಯಕ್ಕೆ ಅಳಿಯನೂ ನಾನೂ ತಾಸುಗಟ್ಟಲೆ ಮಾತಾಡುತ್ತೇವೆ.

ಈಗ ದುಡ್ಡಿನ ಮಾತು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಚಿಪ್ ಸಾಲದೆ ರ್‍ಯಾಮ್ ಬೆಲೆ ವಿಪರೀತ ಏರಿದೆ. ಇವತ್ತು ಜೋಡಿಸುವವರಿಗೆ ನಾವು ಕೊಟ್ಟ ಬೆಲೆ ಸಿಗುವುದಿಲ್ಲ. ಹಾಗಿದ್ದರೆ ಒಂದೇ ಸಲ ಎಲ್ಲ ಕೊಳ್ಳಬೇಡಿ. ಮೊದಲು ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಹಾಕಿ, ಕಾರ್ಡನ್ನು ಮುಂದಿನ ಯುಗಾದಿಗೆ ತನ್ನಿ. 2017ರ, ಎಎಂಡಿ ಪ್ರೊಸೆಸರ್ ಕೂಡುವ ಎಎಂ4 ಮದರ್‌ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಐದು ವರ್ಷದ ನಂತರದ ಪ್ರೊಸೆಸರ್ ಕೂಡ ಕೂಡುತ್ತಿತ್ತು. ಕನ್ಸೋಲಿನಲ್ಲಿ ದುಡ್ಡು ಕೊಟ್ಟು ಕೊಂಡ ಹೆಚ್ಚಿನ ಆಟಗಳನ್ನು ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡಲು ಮತ್ತೆ ಚಂದಾ ಕಟ್ಟಬೇಕು, ಪಿಸಿಯಲ್ಲಿ ಸಾಮಾನ್ಯವಾಗಿ ಅದಿಲ್ಲ. ಅಳಿಯ ಈಗ ಇಂಜಿನಿಯರಿಂಗ್ ಮೊದಲ ವರ್ಷ. ಕೋಡಿಂಗ್ ಅದರಲ್ಲೇ, ಭಾವನ ತೊಗರಿ ವ್ಯಾಪಾರದ ಲೆಕ್ಕ ಅದರಲ್ಲೇ, ಅಕ್ಕನ ಮಹಿಳಾ ಸಂಘದ ಅರ್ಜಿ ಕನ್ನಡದಲ್ಲಿ ಟೈಪ್ ಆಗುವುದೂ ಅದರಲ್ಲೇ. ಕನ್ಸೋಲಿನ ಮೆನುವಿನಲ್ಲಿ ಕನ್ನಡವೇ ಇಲ್ಲ.

ಮೊನ್ನೆ ಕಾಲ್ ಮಾಡಿದಾಗ ಅವನ ಮುಂದೆ ಆಳಂದದ ಗೆಳೆಯನ ಹಳೆಯ ಪಿಸಿ ಬಿಚ್ಚಿ ಬಿದ್ದಿತ್ತು. ಒಣಗಿ ಸುಣ್ಣದಂತಾದ ಪೇಸ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದ. "ಮಾಮಾ, ಇದರಾಗ ಡಿಡಿಆರ್3 ಅದ, ನನ್ನ ಹಳೇ ಕಡ್ಡಿ ಕೂಡಂಗಿಲ್ಲ. ಅಲ್ಲಿ ಸಿಗ್ತದೇನು ನೋಡ್ರಿ." ಆ ಹಳೆಯ ತಲೆಮಾರಿನ ಮೆಮೊರಿ ಕಡ್ಡಿ 8 ಜಿಬಿಯದು ಒಂದು ಸಿಕ್ಕಿದೆ. ನಾಳೆ ಕಲಬುರಗಿ ಬಸ್ಸಿಗೆ ಕೊಟ್ಟು ಕಳಿಸಬೇಕು.