ಬಾಗಿಲು ತೆಗೆದರೆ ಬೆಳಕು

ಡ್ರೈವರ್ ಆದವನಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ ಅಂತ ಹಳೇ ಗಾಡಿ ಮಾಡಿದವರು ನಂಬಿದ್ದರೇನೋ. ನಮ್ಮ ಕಾಕಾನ ಕ್ಯಾರವಾನ್ ನೋಡಿದಾಗಲೆಲ್ಲ ನನಗೆ ಹಾಗೇ ಅನಿಸುತ್ತಿತ್ತು. ಹಳೇ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಸಣ್ಣ ಫ್ರಿಜ್, ಸಿಂಕ್, ಫ್ಯಾನು ಎಲ್ಲ ಕೂಡಿಸಿ, ಆರ್‌ಟಿಓ ಕಾಗದದಲ್ಲೂ ಮೋಟಾರ್ ಕ್ಯಾರವಾನ್ ಅಂತ ಬರೆಸಿ ವಿಜಯಪುರದ ಮನೆ ಮುಂದೆ ತಂದು ಹಚ್ಚಿದ್ದರು. ಹಿಂದೆ ಎಲ್ಲಿ ನೋಡಿದರೂ ಎಲ್‌ಇಡಿ. ಮುಂದೆ ಕ್ಯಾಬಿನ್ನಿನಲ್ಲಿ ಮಾತ್ರ ತಲೆ ಮೇಲೆ ಒಂದು ಮಂಕು ದೀಪ, ಅದರ ಮೈಮೇಲೇ ಅದರ ಸ್ವಿಚ್ಚು, ಆ ಸ್ವಿಚ್ ಹುಡುಕೋಕೆ ಇನ್ನೊಂದು ದೀಪ ಬೇಕು.

ಊರೊಳಗೆ ಈ ಕಷ್ಟ ಗೊತ್ತಾಗುವುದಿಲ್ಲ. ಗಾಂಧಿ ಚೌಕದಲ್ಲಿ ಅಂಗಡಿಗಳ ಬೆಳಕೇ ಸಾಕು. ಗೊತ್ತಾಗುವುದು ಬನಶಂಕರಿ ಜಾತ್ರೆಗೆ ಹೋಗಿ ಬಾದಾಮಿ ಹತ್ತಿರ ಯಾವುದೋ ಹೊಲದ ಬದುವಿಗೆ ಗಾಡಿ ನಿಲ್ಲಿಸಿದಾಗ. ಹೊರಗೆ ಬನದ ಹುಣ್ಣಿಮೆಯ ಬೆಳದಿಂಗಳು, ಸೀಟಿನ ಕೆಳಗೆ ಗವ್ವೆನ್ನುವ ಕತ್ತಲು. ಚಪ್ಪಲಿ ಅಲ್ಲೇ ಎಲ್ಲೋ ಇರುತ್ತದೆ, ಕಾಕುವಿನ ಚಾಳೀಸು ಅಲ್ಲೇ ಬಿದ್ದಿರುತ್ತದೆ, ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ತಡಕಾಡುತ್ತಿರಬೇಕು. ನೀರಿನ ಬಾಟಲಿ ಬ್ರೇಕ್ ಪೆಡಲ್ ಕೆಳಗೆ ಉರುಳಿದ್ದು ಕಾಣದೇ ಗಾಡಿ ಹೊರಡಿಸಿದರೆ ಏನಾಗುತ್ತದೆ ಅಂತ ಹೇಳಬೇಕಾ?

"ಹಿಂದ ಇಷ್ಟ್ ಲೈಟ್ ಹಾಕಸೀರಿ, ಮುಂದ ಕಾಲಿಡೋ ಜಾಗಾನ ಕಾಣಂಗಿಲ್ಲಲ್ರಿ" ಅಂದರು ಕಾಕು.

"ಇಷ್ಟ್ ವರ್ಷ ಗಾಡಿ ಹೊಡದೀನಿ, ನನಗೇನ್ ಲೈಟ್ ಬೇಕಾಗಿಲ್ಲ."

"ನಿಮ್ಮನ್ ಯಾರ್ ಕೇಳ್ಯಾರ?"

ಅಲ್ಲಿಗೆ ತೀರ್ಮಾನವಾಯಿತು, ಬಾಗಿಲು ತೆಗೆದರೆ ಕ್ಯಾಬಿನ್ ದೀಪ ತಾನೇ ಹತ್ತಬೇಕು. ಗಾಡಿ ಸೊಲ್ಲಾಪುರ ರಸ್ತೆಯ ಎಲೆಕ್ಟ್ರಿಷಿಯನ್ ಹತ್ತಿರ ಹೋಯಿತು, ಜೊತೆಗೆ ಸುಮ್ನೆ ನೋಡೋಕೆ ಅಂತ ನಾನೂ.

ಕೆಲಸ ನೋಡಿದರೆ ತುಂಬಾ ಸರಳ, ಆದರೆ ಜಾಣತನದ್ದು. ನಾನು ಪ್ಲಸ್ ತಂತಿಯನ್ನು ಬಾಗಿಲ ಹತ್ತಿರ ತಂದು ಅಲ್ಲಿ ಸ್ವಿಚ್ ಹಾಕುತ್ತಾರೆ ಅಂದುಕೊಂಡಿದ್ದೆ. ಮೇಸ್ತ್ರಿ ನಕ್ಕ. "ಪ್ಲಸ್ ಫ್ಯೂಸ್ ದಾಟಿ ಸದಾ ದೀಪದ ಹಂತೇಕ ನಿಂತಿರ್ತದ್ರೀ ಸರ. ಬಾಗಲಾ ತಗದಾಗ ನಾವು ಅರ್ಥ್ ಕೊಡೂದಷ್ಟ." ಬ್ಯಾಟರಿಯ ಮೈನಸ್ಸನ್ನು ಗಾಡಿಯ ಕಬ್ಬಿಣದ ಮೈಗೇ ಕಟ್ಟಿರುತ್ತಾರಲ್ಲ, ಆ ಮೈಯೇ ಅರ್ಥ್, ಅದಕ್ಕೇ ಬಾಗಿಲ ಕಂಬದ ಸ್ವಿಚ್ಚಿಗೆ ಒಂದೇ ತಂತಿ ಸಾಕು. ಸ್ವಿಚ್ಚಿನಲ್ಲಿ ಸ್ಪ್ರಿಂಗ್ ಇರುವ ಒಂದು ಕಡ್ಡಿ. ಬಾಗಿಲು ಮುಚ್ಚಿದರೆ ಅದು ಒಳಗೆ ಒತ್ತಿಕೊಂಡು ದಾರಿ ಕಡಿಯುತ್ತದೆ, ತೆಗೆದರೆ ಹೊರಗೆ ಚಿಮ್ಮಿ ದಾರಿ ಕೂಡಿಸುತ್ತದೆ. ಮನೆಯ ಫ್ರಿಜ್ಜಿನ ದೀಪವೂ ಬಾಗಿಲು ನೋಡಿಕೊಂಡು ಹೀಗೇ ಹತ್ತಿ ಆರುವುದು. ಎರಡು ಬಾಗಿಲಿಗೆ ಎರಡು ಸ್ವಿಚ್, ಎರಡರ ತಂತಿಯೂ ಒಂದೇ ಕಡೆ ಸೇರುತ್ತದೆ, ಯಾವುದು ತೆಗೆದರೂ ದೀಪ ಹತ್ತುತ್ತದೆ. ಹಳೇ ದೀಪ ಕಿತ್ತು ಆನ್, ಆಫ್, ಡೋರ್ ಅಂತ ಮೂರು ಜಾಗ ಇರುವ ಹೊಸದನ್ನು ಕೂಡಿಸಿದ.

ಸ್ವಿಚ್ಚಿಗೆ ತೂತು ಕೊರೆಯುವಾಗ ಕಾಕಾ ಮುಖ ಆ ಕಡೆ ತಿರುಗಿಸಿದರು. ತೂತಿನ ಅಂಚಿಗೆ ಬಣ್ಣ ಹಚ್ಚದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಸ್ಕ್ರೂ ಕೂರುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದಿರಲೇಬೇಕು, ಇಲ್ಲದಿದ್ದರೆ ಅರ್ಥ್ ಸಿಗುವುದಿಲ್ಲ. ಒಂದು ಕಡೆ ಬಣ್ಣ ಬೇಕು, ಬೆರಳಗಲದ ಆಚೆ ಬಣ್ಣ ಬೇಡ! ನಮ್ಮ ಎರೆ ಹೊಲದ ಧೂಳು ಕಡ್ಡಿಯನ್ನು ಬೇಗ ಹಿಡಿದುಬಿಡುತ್ತದೆ ಅಂತ ಸ್ವಿಚ್ ಮೇಲೆ ರಬ್ಬರ್ ಟೊಪ್ಪಿಗೆಯನ್ನೂ ಹಾಕಿಸಿದೆವು.

ಜಾಸ್ತಿ ವಾದ ನಡೆದದ್ದು ಬ್ಯಾಟರಿ ಬಗ್ಗೆ. ಕ್ಯಾರವಾನಿನಲ್ಲಿ ಇಂಜಿನ್ನಿಗೆ ಒಂದು ಬ್ಯಾಟರಿ, ಹಿಂದಿನ ಮನೆಗೆ ಇನ್ನೊಂದು. ಕ್ಯಾಬಿನ್ ದೀಪ ಇಂಜಿನ್ನಿನದ್ದೇ ಅಂತ ಕಾಕಾನ ಹಟ. ಮೇಸ್ತ್ರಿ ಲೆಕ್ಕ ಹೇಳಿದ. ಒಳಗೆ ತಂತಿ ಕಾದು ಬೆಳಗುವ ಹಳೇ ತರದ 5 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.4 ಆಂಪಿಯರ್ ತಿನ್ನುತ್ತದೆ, ಬಾಗಿಲು ಅರೆಬರೆ ಮುಚ್ಚಿ 10 ತಾಸು ಬಿಟ್ಟರೆ 4 ಆಂಪಿಯರ್-ಅವರ್ ಹೋಯಿತು. ಒಂದು ರಾತ್ರಿಗೆ ಏನೂ ಆಗಲ್ಲ. ಆದರೆ ಕ್ಯಾರವಾನ್ ದಿನಾ ಓಡುವ ಗಾಡಿ ಅಲ್ವಲ್ಲ, ವಾರಗಟ್ಟಲೆ ನಿಂತಿರುತ್ತದೆ, ಆಗ ಆ ಒಂದು ಬಲ್ಬೇ ಬ್ಯಾಟರಿಯನ್ನು ಮಲಗಿಸಬಹುದು. 1 ವ್ಯಾಟಿನ ಎಲ್‌ಇಡಿ ಹಾಕಿದರೆ ಐದರಲ್ಲಿ ಒಂದು ಪಾಲು ಕರೆಂಟು. ಹಿಂದಿನ ಬ್ಯಾಟರಿಯಿಂದ ತೆಗೆದುಕೊಂಡರೆ, ಅದು ಪೂರ್ತಿ ಖಾಲಿಯಾದರೂ ಗಾಡಿ ಸ್ಟಾರ್ಟ್ ಆಗುತ್ತದೆ. ನನಗೆ ಮೇಸ್ತ್ರಿಯ ಮಾತೇ ಸರಿ ಅನಿಸಿತು. ಕಾಕಾಗೂ ಅನಿಸಿರಬೇಕು, "ನಾನೂ ಅದನ್ನ ಹೇಳಾಕತ್ತಿದ್ದೆ" ಅಂದರು.

ನನ್ನ ತಕರಾರು ಒಂದೇ ಇತ್ತು. ಒಳಗೆ ಕೂತು ಬಾಗಿಲು ಎಳೆದುಕೊಂಡ ಕೂಡಲೇ ದೀಪ ಆರುತ್ತದೆ, ಚಾವಿ ತೂರಿಸುವ ಕಿಂಡಿ ಹುಡುಕಬೇಕಾದದ್ದು ಸರಿಯಾಗಿ ಆಗಲೇ. ಇದಕ್ಕೆ ಕೆಲವು ಸೆಕೆಂಡು ದೀಪ ಹಿಡಿದಿಡುವ ಸಣ್ಣ ಟೈಮರ್ ಸಿಗುತ್ತದೆ, ದುಡ್ಡು ಕೊಟ್ಟು ಹಾಕಿಸಲೇಬೇಕಾದದ್ದು ಅದು. ಹಾಕಿಸಿದರು.

ಈಗ ಕಾಕುವಿಗೆ ಹಿಂದಿನ ಬಾಗಿಲ ಮೆಟ್ಟಿಲಿಗೂ ಒಂದು ದೀಪ ಬೇಕಾಗಿದೆ. ಆ ಬಾಗಿಲು ತೆಗೆದರೆ ಮೆಟ್ಟಿಲಿನದೂ ಕ್ಯಾಬಿನ್ನಿನದೂ ಹತ್ತಬೇಕು, ಮುಂದಿನ ಬಾಗಿಲು ತೆಗೆದರೆ ಕ್ಯಾಬಿನ್ನಿನದು ಮಾತ್ರ. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇಟ್ಟರೆ ಆಯಿತು ಅಂತಾನೆ ಮೇಸ್ತ್ರಿ. ಕಾಕಾ ಇನ್ನೂ ಹೂಂ ಅಂದಿಲ್ಲ, ಆದರೆ ಅವರನ್ನು ಯಾರೂ ಕೇಳಿಯೂ ಇಲ್ಲ.